ಅಂಗೈಯೊಳಗಿನ ಅಚ್ಚುಕೂಟ

ಪುಸ್ತಕ ವಿಮರ್ಶೆ ಎಂದರೆ ಒಳಗಿನ ಮಾತಿನ ವಿಮರ್ಶೆ ಎಂದೇ ನಮ್ಮಲ್ಲಿ ವಾಡಿಕೆ. ಕತೆ ಹೇಗಿದೆ, ಪಾತ್ರಗಳು ಹೇಗಿವೆ ಎಂದು ಬರೆದು ಕೊನೆಗೆ ‘ಮುದ್ರಣ ಅಚ್ಚುಕಟ್ಟಾಗಿದೆ, ಮುಖಪುಟ ಆಕರ್ಷಕವಾಗಿದೆ’ ಎಂದು ಒಂದು ಸಾಲು ಸೇರಿಸಿದರೆ ವಿಮರ್ಶೆ ಮುಗಿಯಿತು. ನಾನು ಇಲ್ಲಿ ಆ ಕೊನೆಯ ಸಾಲನ್ನೇ ಹಿಡಿದು ಕೂತಿದ್ದೇನೆ. ಕಳೆದ ಎರಡು ವರ್ಷಗಳಲ್ಲಿ ಫೋನಿನಲ್ಲೂ ಟ್ಯಾಬ್ಲೆಟ್ಟಿನಲ್ಲೂ ಓದಿದ ಕನ್ನಡ ಇ-ಪುಸ್ತಕಗಳಲ್ಲಿ ‘ಅಚ್ಚುಕಟ್ಟಾಗಿದೆ’ ಎನ್ನಬಹುದಾದವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಕತೆ ಚೆನ್ನಾಗಿತ್ತು, ಅಕ್ಷರ ಚೆನ್ನಾಗಿರಲಿಲ್ಲ. ಅಕ್ಷರ ಚೆನ್ನಾಗಿಲ್ಲದಿದ್ದರೆ ಕತೆ ಎಲ್ಲಿಂದ ಒಳಗೆ ಹೋಗಬೇಕು ಹೇಳಿ.

ಇದೇನು ಪ್ಯಾಟೆಯ ಹುಡುಗರ ತಕರಾರು, ನಮಗೇಕೆ ಎನ್ನಬೇಡಿ. ಇ-ಪುಸ್ತಕ ನಿಜವಾಗಿ ಬೇಕಾಗಿರುವುದು ನಮ್ಮಂಥ ಊರಿನ ಹೆಂಗಸರಿಗೇ. ಬೆಂಗಳೂರಿನವರಿಗೆ ಪುಸ್ತಕದ ಅಂಗಡಿಗಳುಂಟು. ನಮ್ಮ ಮಲ್ಲಸಮುದ್ರದಿಂದ ಗದಗಿಗೆ ಹೋದರೂ ಅಂಗಡಿಯಲ್ಲಿ ಎದುರು ಸಾಲಿಗೆ ಗೈಡುಗಳು, ನೋಟುಬುಕ್ಕುಗಳು. ಕಾದಂಬರಿ ಕೇಳಿದರೆ ಮೇಲಿನ ಅರೆಯ ಧೂಳು ಕೊಡವಬೇಕು. ಭಾಂಡೆ ತಿಕ್ಕಿ, ನಾಳಿನ ಕಾಳು ನೆನೆಹಾಕಿ, ದೀಪ ಆರಿಸಿದ ಮೇಲೆ ಸಿಗುವ ಅರ್ಧ ತಾಸಿನಲ್ಲಿ, ಯಾರ ನಿದ್ದೆಯನ್ನೂ ಕೆಡಿಸದೆ ಓದಬಹುದಾದ ಪುಸ್ತಕವೆಂದರೆ ಫೋನಿನೊಳಗಿನದು ಒಂದೇ.

ಇನ್ನು ನಮ್ಮ ಅತ್ತೆಯವರ ಕತೆ ಬೇರೆ. ಅವರಿಗೆ ಎಂಬತ್ತು ದಾಟಿದೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ, ಆದರೆ ಕಣ್ಣಿನ ಹಿಂಬದಿಯ ಪರದೆಯೇ ಸವೆದಿದೆಯಂತೆ. ಚಷ್ಮಾ ಬದಲಿಸಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಪತ್ರಿಕೆಯ ತಲೆಬರಹ ಓದುತ್ತಾರೆ, ಕೆಳಗಿನ ಸುದ್ದಿ ಓದಲಾರರು. ಒಂದು ಕಾಲಕ್ಕೆ ವಾರಕ್ಕೆರಡು ಕಾದಂಬರಿ ಮುಗಿಸುತ್ತಿದ್ದವರು ತಲೆಬರಹಕ್ಕೆ ನಿಂತುಬಿಟ್ಟರು. ಅಂಥವರಿಗೆ ‘ಅಕ್ಷರವನ್ನು ನಿಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಿ’ ಎಂದು ಭಾಷೆ ಕೊಡುವ ಪುಸ್ತಕ ಬಂದರೆ ಅದು ಸಣ್ಣ ಮಾತಲ್ಲ. ಆ ಭಾಷೆಯನ್ನು ಕನ್ನಡದ ಇ-ಪುಸ್ತಕಗಳು ಉಳಿಸಿಕೊಂಡಿವೆಯೇ ಎಂಬುದೇ ನನ್ನ ಪ್ರಶ್ನೆ.

ಇ-ಪುಸ್ತಕ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯವು ಓಡಾಡುತ್ತಿವೆ. ಒಂದು ಪಿಡಿಎಫ್, ಇನ್ನೊಂದು ಇಪಬ್. ಪಿಡಿಎಫ್ ಎಂದರೆ ಹೊಲಿದ ಕುಬಸ. ಯಾರ ಅಳತೆಗೆ ಹೊಲಿದರೋ ಅವರಿಗೇ ಸರಿ. ಉಳಿದವರು ಉಸಿರು ಹಿಡಿದು ತೊಡಬೇಕು. ಇಪಬ್ ಎಂದರೆ ಸೀರೆ. ತೆಳ್ಳಗಿನವಳೂ ಉಡಬಹುದು, ದಪ್ಪಗಿನವಳೂ ಉಡಬಹುದು. ನಿರಿಗೆ ಹೆಚ್ಚು ಕಡಿಮೆ ಆಗುತ್ತದೆ ಅಷ್ಟೆ. 2007ರಲ್ಲಿ ಬಂದ ಈ ಇಪಬ್ಬಿನಲ್ಲಿ ಪುಟ ಎಂಬುದು ಖಾಯಂ ಅಲ್ಲ. ಅಕ್ಷರ ದೊಡ್ಡದಾದರೆ ಸಾಲುಗಳು ತಾವೇ ಮುರಿದು ಹೊಂದಿಕೊಳ್ಳುತ್ತವೆ. ಪಿಡಿಎಫ್ಫಿನಲ್ಲಿ ಅಕ್ಷರ ಹಿಗ್ಗಿಸಿದರೆ ಪುಟವೇ ಹಿಗ್ಗುತ್ತದೆ. ಒಂದೊಂದು ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಹತ್ತು ಸಾಲು ಓದುವಷ್ಟರಲ್ಲಿ ಅತ್ತೆಯವರು ಫೋನು ಕೆಳಗಿಟ್ಟರು. “ಇದು ಓದೂದಲ್ಲವಾ, ಮಗ್ಗದಾಗ ಲಾಳಿ ಆಡಿಸಿಧಂಗ ಆತು” ಎಂದರು. ಬೆಟಗೇರಿಯ ಮಗ್ಗಗಳ ಸಪ್ಪಳ ಕೇಳಿ ಬೆಳೆದವರು, ಹೋಲಿಕೆಗೆ ದೂರ ಹೋಗಲಿಲ್ಲ.

ಆದರೂ ಕನ್ನಡದಲ್ಲಿ ಸಿಗುವುದರಲ್ಲಿ ಬಹುಪಾಲು ಪಿಡಿಎಫ್ಫೇ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸಿದವರಿಗೆ ಕೈಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಪುಸ್ತಕಗಳು ಗೆದ್ದಲಿನ ಪಾಲಾಗುತ್ತಿದ್ದವು. ನನ್ನ ತಕರಾರು ನಿನ್ನೆ ಮೊನ್ನೆ ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನೂ ಪಿಡಿಎಫ್ ಮಾಡಿ ಮಾರುವವರ ಮೇಲೆ. ಒಬ್ಬ ಪ್ರಕಾಶಕರಿಗೆ ಫೋನು ಹಚ್ಚಿ ಕೇಳಿದೆ. “ಪಿಡಿಎಫ್ ಆದ್ರ ಎಲ್ಲಾ ಫೋನಿನ್ಯಾಗೂ ಒಂದ ಥರಾ ಕಾಣತೈತ್ರಿ ಅಕ್ಕಾರ. ಇಪಬ್ ಅಂದ್ರ ಒಂದೊಂದರಾಗ ಒಂದೊಂದು ಅವತಾರ. ಆ ಕಿರಿಕಿರಿ ಯಾರಿಗೆ ಬೇಕು?” ಎಂದರು. ಉತ್ತರ ಪ್ರಾಮಾಣಿಕವಾಗಿತ್ತು. ಆ ಕಿರಿಕಿರಿ ಎಂಥದು ಎಂದು ನನಗೆ ತಿಳಿದದ್ದು ನಾವೇ ಒಂದು ಇಪಬ್ ಮಾಡಲು ಹೊರಟಾಗ.

2006ರಲ್ಲಿ ನಾವು ಮೂವರು ಶಿಕ್ಷಕಿಯರು ಕೂಡಿ ನಮ್ಮೂರಿನ ಹಿರಿಯ ಹೆಣ್ಣುಮಕ್ಕಳಿಂದ ಬೀಸುವ ಪದ, ಸೋಬಾನದ ಪದಗಳನ್ನು ಬರೆದುಕೊಂಡು ಅರವತ್ತು ಪುಟದ ಒಂದು ಹೊತ್ತಿಗೆ ಅಚ್ಚು ಹಾಕಿಸಿದ್ದೆವು. ಪದ ಹೇಳಿಕೊಟ್ಟ ಹನ್ನೊಂದು ಮಂದಿಯಲ್ಲಿ ಈಗ ಉಳಿದವರು ಇಬ್ಬರು. ಪ್ರತಿಗಳು ಎಂದೋ ಮುಗಿದವು. ಅವರ ಹೆಣ್ಣುಮಕ್ಕಳು, ಮೊಮ್ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರು ಎಂದು ಚದುರಿದ್ದಾರೆ. “ನಮ್ಮ ಆಯಿ ಹೇಳಿದ ಪದ ಫೋನಿನ್ಯಾಗ ಕಳಸ್ರಿ” ಎಂದು ಅವರು ಕೇಳುತ್ತಲೇ ಇದ್ದರು. ಡಿಟಿಪಿ ಮಾಡಿದ ಹುಡುಗನ ಬಳಿ ಹಳೆಯ ಕಡತ ಇತ್ತು. ಇನ್ನೇನು, ಒಂದು ಗುಂಡಿ ಒತ್ತಿದರೆ ಇ-ಪುಸ್ತಕ ಆಯಿತು ಎಂದುಕೊಂಡು ಕಡತ ತೆರೆದರೆ ಒಳಗೆ ಕನ್ನಡವೇ ಇಲ್ಲ! ತಲೆಯ ಮೇಲೆ ಗೀಟು, ಟೊಪ್ಪಿಗೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ.

ಇದರ ಗುಟ್ಟು ಅನೇಕರಿಗೆ ಗೊತ್ತಿರಲಾರದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು; ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕನ್ನಡ ಕಂಪ್ಯೂಟರಿಗೆ ಬಂದದ್ದು ಇವುಗಳ ಉಪಕಾರದಿಂದ. ಆದರೆ ಅಂದಿನ ಯಂತ್ರಕ್ಕೆ ತಿಳಿಯುತ್ತಿದ್ದದ್ದು ಇಂಗ್ಲಿಷ್ ಮನೆಗಳು ಮಾತ್ರ. ಹಾಗಾಗಿ ಕನ್ನಡದ ಅಕ್ಷರಗಳನ್ನು ತುಂಡು ಮಾಡಿ ಆ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ‘ಕ’ ಅಕ್ಷರದ ಮೈ ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದು ಮನೆಯಲ್ಲಿ. ಆ ಫಾಂಟು ಇದ್ದರೆ ಎರಡೂ ಕೂಡಿ ‘ಕ’ ಎಂದು ಕಾಣುತ್ತವೆ. ಇಲ್ಲದಿದ್ದರೆ ಬಾಡಿಗೆಮನೆಯ ಮಾಲಕರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕನ್ನಡಕ್ಕೆ ಸ್ವಂತ ಮನೆ ಕೊಟ್ಟದ್ದು ಯೂನಿಕೋಡ್. ಆ ನಿವೇಶನ 1991ರಲ್ಲೇ ಮಂಜೂರಾಗಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟೂ ಬಂತು. ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯುತ್ತಿರಲಿಲ್ಲ. ಸ್ವಂತ ಮನೆ ಕಟ್ಟಿದ ಮೇಲೂ ವರ್ಷಗಟ್ಟಲೆ ಕನ್ನಡ ಬಾಡಿಗೆಮನೆಯಲ್ಲೇ ಉಳಿಯಿತು. ಆ ವರ್ಷಗಳಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಇ-ಪುಸ್ತಕ ಆಗಬೇಕಾದರೆ ಮೊದಲು ಮನೆ ಖಾಲಿ ಮಾಡಿಸಬೇಕು.

ಖಾಲಿ ಮಾಡಿಸುವ ತಂತ್ರಾಂಶಗಳಿವೆ, ಪುಕ್ಕಟೆಯೂ ಸಿಗುತ್ತವೆ. ಆದರೆ ಸಾಮಾನು ಸಾಗಿಸುವಾಗ ಏನಾದರೊಂದು ಮುರಿಯುವುದು ಇದ್ದದ್ದೇ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಅರ್ಕಾವತ್ತು. ನಾವು ಬರೆಯುವಾಗ ‘ಧರ್ಮ’ದ ಅರ್ಕವನ್ನು ಮಕಾರದ ನಂತರ ಹಾಕುತ್ತೇವೆ, ಹಳೆಯ ಫಾಂಟಿನಲ್ಲೂ ಅದು ಹಾಗೆಯೇ ಕೂತಿರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು ರ್, ಆಮೇಲೆ ಮ. ಬದಲಾಯಿಸುವ ತಂತ್ರಾಂಶ ಈ ಹಿಂದುಮುಂದು ತಿಳಿಯದೆ ಹೋದರೆ ಧರ್ಮ ‘ಧಮರ್’ ಆಗುತ್ತದೆ, ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಈ ಕನಾರ್ಟಕವನ್ನು ಹಣ ಕೊಟ್ಟು ಕೊಂಡ ಪುಸ್ತಕದಲ್ಲೂ ನೋಡಿದ್ದೇನೆ. ನಾಡಿನ ಹೆಸರೇ ಹೀಗಾದ ಮೇಲೆ ಉಳಿದವರ ಪಾಡೇನು? ನಮ್ಮ ಪದಗಳಲ್ಲಿ ಬರುವ ಸೂರ್ಯ ‘ಸೂಯರ್’ ಆಗಿದ್ದ. “ಸೂರ್ಯಾಗ ಗ್ರಹಣ ಹಿಡದೈತೇನವಾ?” ಎಂದು ಅತ್ತೆಯವರು ನಕ್ಕರು.

ಕಣ್ಣಿಗೆ ಕಾಣುವ ತಪ್ಪು ಒಂದು ಬಗೆ. ಕಾಣದ ತಪ್ಪು ಇನ್ನೂ ಕೆಟ್ಟದ್ದು. ಅನುಸ್ವಾರದ ಸೊನ್ನೆ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಅವಳಿ ಜವಳಿ, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ‘ಬಂದಳು’ ಎಂಬಲ್ಲಿ ಅಂಕಿಯ ಸೊನ್ನೆ ಒತ್ತಿದ್ದರೆ ನಮಗೆ ತಿಳಿಯುವುದೇ ಇಲ್ಲ. ಆದರೆ ‘ಬಂದಳು’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗಾಗಿ ಓದಿ ಹೇಳುವ ತಂತ್ರಾಂಶ ಅಲ್ಲಿಗೆ ಬಂದೊಡನೆ ಮುಗ್ಗರಿಸುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇಡುತ್ತಾರೆ, ಇವೆರಡೂ ಕೂಡಬಾರದು ಎಂದು ಹೇಳಲು. ಆ ಚಿಹ್ನೆ ಬಿದ್ದುಹೋದರೆ ‘ರಾಜ್ಕುಮಾರ್’. ‘ರ‍್ಯಾಲಿ’ ಎಂಬುದಕ್ಕೂ ಇಂಥದೇ ಇನ್ನೊಂದು ಗುಪ್ತ ಚಿಹ್ನೆ ಬೇಕು, ಇಲ್ಲದಿದ್ದರೆ ‘ರ್ಯಾಲಿ’ ಎಂದು ಅರ್ಕಾವತ್ತಿಗೆ ತಿರುಗುತ್ತದೆ.

ಇಷ್ಟನ್ನೂ ನಾವು ಮೂವರೂ ದಸರಾ ಸೂಟಿಯಲ್ಲಿ ಕೂತು ತಿದ್ದಿದೆವು. ತಿದ್ದಿದ ಕಡತವನ್ನು ಡಿಟಿಪಿ ಹುಡುಗ ಇಪಬ್ ಮಾಡಿ ಕೊಟ್ಟ. ಅವನ ಕಂಪ್ಯೂಟರಿನಲ್ಲಿ ನೋಡಿದರೆ ಪುಸ್ತಕ ಮದುಮಗಳ ಹಾಗೆ ಕೂತಿತ್ತು. ಮನೆಗೆ ಬಂದು ಐದು ಕಡೆ ತೆರೆದು ನೋಡಿದೆ. ಮಗನ ಹೊಸ ಫೋನಿನಲ್ಲಿ ಸರಿ. ನನ್ನ ಹಳೆಯ ಫೋನಿನಲ್ಲಿ ಆ ಗುಪ್ತ ಚಿಹ್ನೆಗಳಿದ್ದ ಕಡೆಯೆಲ್ಲ ಪುಟ್ಟ ಡಬ್ಬಿಗಳು. ಅದೇ ಫೋನಿನಲ್ಲಿ ಬೇರೊಂದು ಓದುವ ಆ್ಯಪ್ ಹಾಕಿದರೆ ಡಬ್ಬಿ ಮಾಯ, ಆದರೆ ನಾವು ಪುಸ್ತಕದ ಜೊತೆಗೇ ಕಟ್ಟಿಕೊಟ್ಟಿದ್ದ ಫಾಂಟನ್ನು ಅದು ಮೂಸಿಯೂ ನೋಡಲಿಲ್ಲ, ತನ್ನದೇ ಸಪೂರ ಅಕ್ಷರ ತೊಡಿಸಿತ್ತು. ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ಸಾಲಿನ ಅಂತರ ಎಷ್ಟು ಬಿಗಿಯೆಂದರೆ ‘ಸ್ತ್ರೀ’ ಎಂದು ಬರೆದಲ್ಲೆಲ್ಲ ಕೆಳಗಿನ ತಕಾರ ರಕಾರಗಳ ಕಾಲು ಕತ್ತರಿಸಿ ‘ಸೀ’ ಎಂಬಂತೆ ಕಾಣುತ್ತಿತ್ತು. (ಹೆಣ್ಣಿನ ಕಾಲಿಗೇ ಬಂತು ನೋಡಿ ಎಂದರು ನನ್ನ ಸಹೋದ್ಯೋಗಿ.) ಐದನೆಯದು ನೆಂಟರೊಬ್ಬರು ಕೊಟ್ಟ, ಓದಲಿಕ್ಕೆಂದೇ ಮಾಡಿದ ಕಪ್ಪು-ಬಿಳುಪು ಯಂತ್ರ, ಅದರಲ್ಲಿ ಏತ್ವ, ಓತ್ವದ ದೀರ್ಘಗಳು ಅಕ್ಷರ ಬಿಟ್ಟು ದೂರ ಸರಿದು ಚುಕ್ಕೆಗಳ ಬಳೆಯೊಳಗೆ ಒಂಟಿಯಾಗಿ ನಿಂತಿದ್ದವು. ಡಿಟಿಪಿ ಹುಡುಗನಿಗೆ ತೋರಿಸಿದರೆ, “ನನ್ನ ಕಂಪ್ಯೂಟರಿನ್ಯಾಗ ಎಲ್ಲಾ ಛಲೋ ಐತಿ ಅಕ್ಕೋರ. ಫೋನ ಬದಲಿ ಮಾಡ್ರಿ” ಎಂದ.

ಈ ಮಾತಿನಲ್ಲೇ ರೋಗದ ಮೂಲ ಇದೆ ಎಂದು ನನಗನ್ನಿಸುತ್ತದೆ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಮೊಳೆ ಜೋಡಿಸುವ ಕಾಲದ ಅಚ್ಚುಕೂಟವನ್ನು ನಾನು ಹುಡುಗಿಯಾಗಿದ್ದಾಗ ನೋಡಿದ್ದೇನೆ. ಕಂಪೋಜಿಟರು ಒತ್ತಕ್ಷರದ ಮೊಳೆಯನ್ನು ಅದರದೇ ಖಾನೆಯಿಂದ ಆಯ್ದು ಕೂಡಿಸುತ್ತಿದ್ದರು. ಜೋಡಿಸಿ ಮುಗಿದ ಮೇಲೆ ಮಸಿ ಸವರಿ ಒಂದು ಕರಡು ತೆಗೆದು ಕೊಡುವರು. ತಿದ್ದಿದ ಮೇಲೇ ಅಚ್ಚು. ಅಂದರೆ ಜೋಡಣೆ ಮೊದಲು, ಕರಡು ಆಮೇಲೆ, ಓದುಗ ಕೊನೆಗೆ. ಇಪಬ್ಬಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕಡತದಲ್ಲಿ ಇರುವುದು ಅಕ್ಷರಗಳ ಸರಣಿ ಮಾತ್ರ: ‘ಸಕಾರ, ಅದಕ್ಕೆ ತಕಾರ, ಅದಕ್ಕೆ ರಕಾರ ಕೂಡಿಸು, ಈತ್ವ ಕೊಡು’ ಎಂಬ ಸೂಚನೆ. ಅದನ್ನು ನೋಡಿ ‘ಸ್ತ್ರೀ’ ಎಂದು ಬರೆಯುವುದು, ಸಾಲು ಮುರಿಯುವುದು, ಪುಟ ಕಟ್ಟುವುದು ಎಲ್ಲ ನಡೆಯುವುದು ಓದುವವಳ ಫೋನಿನಲ್ಲಿ, ಅವಳು ಪುಸ್ತಕ ತೆರೆದ ಆ ಗಳಿಗೆಯಲ್ಲಿ. ಅಚ್ಚುಕೂಟ ನಮ್ಮ ಅಂಗೈಗೆ ಬಂದಿದೆ. ಒಬ್ಬೊಬ್ಬಳ ಅಂಗೈಯಲ್ಲೂ ಬೇರೆ ಬೇರೆ ಕಂಪೋಜಿಟರು, ಕೆಲವರಿಗೆ ಕನ್ನಡ ಬರುತ್ತದೆ, ಕೆಲವರಿಗೆ ಅರೆಬರೆ. ಪ್ರಕಾಶಕರು ಮಾತ್ರ ಇನ್ನೂ ತಮ್ಮ ಕಂಪ್ಯೂಟರಿನ ಮುಂದೆ ಕರಡು ನೋಡಿ ಕೈತೊಳೆದುಕೊಳ್ಳುತ್ತಿದ್ದಾರೆ. ಕೊನೆಯ ಜೋಡಣೆಯ ಕರಡನ್ನು ನೋಡುವವರು ಯಾರೂ ಇಲ್ಲ. ಹಣ ಕೊಟ್ಟ ಓದುಗಳೇ ಕರಡು ತಿದ್ದುವವಳು.

ಗದ್ಯಕ್ಕಾದರೆ ಹೇಗೋ ನಡೆದೀತು. ಪದ್ಯಕ್ಕೆ ಈ ಸಾಲು ಮುರಿಯುವ ಆಟ ಜೀವಕ್ಕೇ ಬರುತ್ತದೆ. ವೀರನಾರಾಯಣನ ಗುಡಿಯ ಊರಿನವರಿಗೆ ಭಾಮಿನಿ ಷಟ್ಪದಿಯನ್ನು ಪರಿಚಯಿಸಬೇಕಿಲ್ಲ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 23. ಪುಸ್ತಕದಲ್ಲಿ ನೋಡಿದರೆ ಎರಡು ಗಿಡ್ಡ ಸಾಲು, ಒಂದು ಉದ್ದ, ಮತ್ತೆ ಎರಡು ಗಿಡ್ಡ, ಒಂದು ಉದ್ದ. ಕಣ್ಣೇ ಅದನ್ನು ಹಾಡುತ್ತದೆ. ಆ ಆಕಾರ ನೋಡಿಯೇ ನಮ್ಮ ಮಕ್ಕಳು ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಕಲಿಯುವುದು. ಫೋನಿನಲ್ಲಿ ಅಕ್ಷರ ತುಸು ದೊಡ್ಡದು ಮಾಡಿದೊಡನೆ ಉದ್ದ ಸಾಲುಗಳು ಎರಡಾಗಿ ಮುರಿದು ಆರು ಸಾಲಿನ ಪದ್ಯ ಎಂಟಾಗುತ್ತದೆ, ಇನ್ನೂ ಹಿಗ್ಗಿಸಿದರೆ ಹತ್ತು. ಯಾವ ಸಾಲು ಕವಿಯದು, ಯಾವುದು ಫೋನಿನದು ಎಂದು ಒಂಬತ್ತನೆಯ ಇಯತ್ತೆಯ ಹುಡುಗಿಗೆ ಹೇಗೆ ತಿಳಿಯಬೇಕು? ಬರೆದುದನ್ನು ಅಳಿಸಲಿಲ್ಲವೆಂಬ ಅಗ್ಗಳಿಕೆ ಹೇಳಿಕೊಂಡ ಕುಮಾರವ್ಯಾಸನಿಗೆ ಅವನ ಸಾಲನ್ನೇ ಮುರಿಯುವವರು ಗಂಟುಬಿದ್ದರು.

ನಮ್ಮ ತ್ರಿಪದಿಗಳ ಗತಿಯೂ ಅದೇ ಆಯಿತು. ಮೂರು ಸಾಲು ಐದಾಗಿ, ಎಲ್ಲಿ ತಿರುವಿ ಹಾಡಬೇಕೋ ಆ ಜಾಗವೇ ಕಳೆದುಹೋಯಿತು. ಇದಕ್ಕೆ ಉಪಾಯ ಇಲ್ಲದಿಲ್ಲ. ಮುರಿದು ಕೆಳಗೆ ಬಂದ ತುಂಡನ್ನು ನಾಲ್ಕಕ್ಷರದಷ್ಟು ಒಳಕ್ಕೆ ಸರಿಸಿದರೆ ಸಾಕು, ಇದು ಹೊಸ ಸಾಲಲ್ಲ, ಮೇಲಿನದರ ಬಾಲ ಎಂದು ಕಣ್ಣಿಗೆ ತಿಳಿಯುತ್ತದೆ. ಇಪಬ್ ಮಾಡುವಾಗ ಒಂದೇ ಒಂದು ಸೂಚನೆ ಬರೆದರೆ ಇಡೀ ಪುಸ್ತಕಕ್ಕೆ ಆಗುತ್ತದೆ. ನಾನು ಕೊಂಡ ಐದು ಕವನ ಸಂಕಲನಗಳಲ್ಲಿ ಒಂದರಲ್ಲಿ ಮಾತ್ರ ಇದನ್ನು ಮಾಡಿದ್ದರು. ಉಳಿದ ನಾಲ್ವರಿಗೆ ತಿಳಿಯದು ಎನ್ನಲಾರೆ. ಯಾರೂ ಒಂದು ಸಣ್ಣ ಫೋನು ತೆಗೆದು ಅಕ್ಷರ ಹಿಗ್ಗಿಸಿ ನೋಡಲಿಲ್ಲ ಅಷ್ಟೆ.

ತಪ್ಪು ಪ್ರಕಾಶಕರದು ಮಾತ್ರ ಎಂದರೆ ಅನ್ಯಾಯವಾದೀತು. ದೊಡ್ಡ ಕಂಪನಿಗಳ ಕಣ್ಣಿಗೆ ಕನ್ನಡ ಬೀಳುವುದು ಯಾವಾಗಲೂ ತಡ. 2016ರ ಡಿಸೆಂಬರಿನಲ್ಲಿ ಅಮೆಜಾನಿನವರು ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾಷೆಗಳಿದ್ದವು. ಕನ್ನಡ ಆ ಪಂಕ್ತಿಯಲ್ಲಿ ಇರಲಿಲ್ಲ. ಕನ್ನಡಕ್ಕೆಂದೇ ‘ಮೈಲ್ಯಾಂಗ್’ನಂಥ ಆ್ಯಪ್‌ಗಳನ್ನು ಕನ್ನಡಿಗರೇ ಕಟ್ಟಿಕೊಳ್ಳಬೇಕಾಯಿತು. ಅದು ಹೆಮ್ಮೆಯ ಮಾತು. ಆದರೆ ಹೊರೆಯೂ ಹೌದು: ಒಬ್ಬೊಬ್ಬರದು ಒಂದೊಂದು ಕಪಾಟು, ಒಂದರಲ್ಲಿ ಕೊಂಡದ್ದನ್ನು ಇನ್ನೊಂದರಲ್ಲಿ ಇಟ್ಟು ಓದಲಾಗದು. ಓಣಿಯ ಹೆಂಗಸರು ಕಾದಂಬರಿ ಕೈಬದಲಿಸಿ ಓದುವ ಪದ್ಧತಿಗೆ ಇಲ್ಲಿ ಜಾಗವೇ ಇಲ್ಲ. ಆ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಒಳ್ಳೆಯದನ್ನೂ ಹೇಳಬೇಕು. ನಾನು ಮೆಚ್ಚಿದ ಮೂರ್ನಾಲ್ಕು ಪುಸ್ತಕಗಳಲ್ಲಿ ಯಾವ ಅಲಂಕಾರವೂ ಇರಲಿಲ್ಲ. ಅಧ್ಯಾಯಕ್ಕೆ ಬಳ್ಳಿ ಹೂವಿಲ್ಲ, ಮೊದಲ ಅಕ್ಷರಕ್ಕೆ ಆನೆಯ ಗಾತ್ರವಿಲ್ಲ, ಬಲ ಅಂಚನ್ನು ನೇರ ಮಾಡುವ ಹಟವಿಲ್ಲ. ನಮ್ಮ ಮಾತುಗಳು ಸಂಧಿಯಾಗಿ ಉದ್ದುದ್ದ ಬೆಳೆಯುವಂಥವು. ಸಣ್ಣ ಪರದೆಯಲ್ಲಿ ಎರಡೂ ಅಂಚು ನೇರ ಮಾಡಲು ಹೋದರೆ ಶಬ್ದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಹಾದಿ ಬೀಳುತ್ತದೆ. ಅಂಚು ಹೇಗಿದ್ದರೆ ಏನು ಎಂದು ಬಿಟ್ಟವರ ಪುಸ್ತಕ ಓದಲು ಹಿತವಾಗಿತ್ತು. ಸಾಲಿನ ನಡುವೆ ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಕೊಟ್ಟಿದ್ದರು. ಮನೆಯ ಮಂದಿ ಬಳಸುವ ಅಗ್ಗದ ಫೋನಿನಲ್ಲೂ ಯಾರೋ ಒಮ್ಮೆ ಓದಿ ನೋಡಿದ್ದಾರೆ ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತಿತ್ತು. ಅಂಥ ಒಂದು ಕಾದಂಬರಿಯನ್ನು ಅತ್ತೆಯವರು, ಪರದೆಗೆ ಏಳೇ ಸಾಲು ಹಿಡಿಯುವಷ್ಟು ಅಕ್ಷರ ದೊಡ್ಡದು ಮಾಡಿಕೊಂಡು, ಒಂದೂವರೆ ತಿಂಗಳಲ್ಲಿ ಓದಿ ಮುಗಿಸಿದರು. ಆರು ವರ್ಷದ ಮೇಲೆ ಓದಿದ ಮೊದಲ ಪುಸ್ತಕ.

ನಮ್ಮ ಪದಗಳ ಹೊತ್ತಿಗೆ ಈಗ ಐದರಲ್ಲಿ ನಾಲ್ಕು ಕಡೆ ಸರಿಯಾಗಿದೆ. ಆ ಕಪ್ಪು-ಬಿಳುಪು ಯಂತ್ರದಲ್ಲಿ ದೀರ್ಘಗಳು ಇನ್ನೂ ಬಳೆಯೊಳಗೇ ನಿಂತಿವೆ. ಪುಣೆಯಿಂದ ಒಬ್ಬಳು ಮೊಮ್ಮಗಳು ತನ್ನ ಅಜ್ಜಿಯ ಪದವನ್ನು ಓದಿ ಧ್ವನಿ ಮುದ್ರಿಸಿ ಕಳಿಸಿದಳು. ಎಲ್ಲಿ ತಿರುವಬೇಕೋ ಅಲ್ಲಿಯೇ ತಿರುವಿದ್ದಳು. ಅತ್ತೆಯವರು ಈಗ ಎರಡನೆಯ ಕಾದಂಬರಿ ಹಿಡಿದಿದ್ದಾರೆ. ಇದು ಬೇರೆ ಪ್ರಕಾಶಕರದು, ಅರ್ಕಾವತ್ತು ಹಿಂದುಮುಂದಾದದ್ದು ಬಹಳ. ಹಾಲಿನ ಲೆಕ್ಕ ಬರೆಯುವ ವಹಿಯ ಹಿಂದಿನ ಪುಟದಲ್ಲಿ ತಪ್ಪು ಶಬ್ದಗಳನ್ನು ದಪ್ಪಕ್ಷರದಲ್ಲಿ ಬರೆದಿಡುತ್ತಾರೆ. ಮೂವತ್ತೇಳು ಆಗಿದ್ದವು, ನಾನು ಶುದ್ಧ ಪ್ರತಿ ಮಾಡಿ ಪ್ರಕಾಶಕರಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. “ಇನ್ನ ಅರ್ಧಾ ಪುಸ್ತಕ ಉಳದೈತಿ, ಎಲ್ಲಾ ಕೂಡಿಸೇ ಕಳಸೋಣಂತ, ತಡಿ” ಎಂದಿದ್ದಾರೆ ಅತ್ತೆಯವರು.